ಹೊಳ್ಳಿ ನೋಡಿದ ಸಿಪಾಯಿ

ಆ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದು ನಾನು ದೊಡ್ಡ ಕಲಾವಿದೆ ಎಂದಲ್ಲ. ವಡೋದರಾದ ಒಂದು ಕಲಾಶಾಲೆಯಲ್ಲಿ ನಾನು ಬಹಳ ವರ್ಷಗಳಿಂದ ಉಬ್ಬುಶಿಲ್ಪ ಕಲಿಸುತ್ತಿದ್ದೇನೆ. ಕಿರುಬೆರಳ ದಪ್ಪದ ಮಣ್ಣಿನಲ್ಲಿ ಒಂದು ಮುಖ, ಒಂದು ಎತ್ತು, ಒಂದು ಬೆಟ್ಟ ನಿಂತಂತೆ ಕಾಣಿಸುವ ಕೆಲಸ. ಇದನ್ನು ಬಲ್ಲವರು ಈಗ ಕಡಿಮೆ, ಇದು ಬೇಕಾಗುವ ಜಾಗಗಳೂ ಕಡಿಮೆ. ನಾಣ್ಯ, ಪದಕಗಳಿಗೆ ಮಾತ್ರ ಇನ್ನೂ ಬೇಕು. ಹಾಗಾಗಿ ಒಂದು ಮಧ್ಯಾಹ್ನ ಅಹಮದಾಬಾದಿನಿಂದ ನಿವೃತ್ತ ಬ್ರಿಗೇಡಿಯರ್ ಒಬ್ಬರು ಫೋನ್ ಮಾಡಿ, ತಮ್ಮ ಪಲ್ಟಣದ ನೆನಪಿಗೆ ಒಂದು ನಾಣ್ಯ ಹೊರಡಿಸುತ್ತಿದ್ದೇವೆ, ವಿನ್ಯಾಸ ಆರಿಸುವುದಕ್ಕೆ ನೀವು ಕೂಡಬೇಕು ಎಂದರು. ಅಂಗಡಿಯಲ್ಲಿ ನಡೆಯುವ ನಾಣ್ಯವಲ್ಲ. ಆ ಪಲ್ಟಣದಲ್ಲಿ ದುಡಿದವರಿಗೆ, ಅಲ್ಲಿಂದ ಮರಳಿ ಬಾರದವರ ಮನೆಗಳಿಗೆ ಒಂದೊಂದು ಕೊಡುವುದಕ್ಕೆ. ನಾನು ಒಪ್ಪಿಕೊಂಡೆ. ಸೈನ್ಯದ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ನಮ್ಮದು ಗದಗ, ಗಂಡನ ರೈಲ್ವೆ ನೌಕರಿ ನಮ್ಮನ್ನು ಗುಜರಾತಿಗೆ ತಂದು ಅಹಮದಾಬಾದಿನ ಮಣಿನಗರದಲ್ಲಿ ಬಿಟ್ಟಿತು. ಅವರು ನಿವೃತ್ತರಾದ ಮೇಲೂ ನಾವು ಅಲ್ಲಿಯೇ ಉಳಿದೆವು.

ಮೊದಲ ಸಭೆ ಅಹಮದಾಬಾದಿನ ಸೈನ್ಯದ ಕ್ಯಾಂಪ್ ಕಡೆಯ ಒಂದು ಸಭಾಂಗಣದಲ್ಲಿ. ಐದು ಜನ ಇದ್ದೆವು. ಬ್ರಿಗೇಡಿಯರ್ ಅಧ್ಯಕ್ಷರು. ಟಂಕಸಾಲೆಯೊಂದರಲ್ಲಿ ಜೀವಮಾನವಿಡೀ ಉಕ್ಕಿನ ಅಚ್ಚು ಕೆತ್ತಿ ನಿವೃತ್ತರಾದ ಮುದುಕರೊಬ್ಬರು. ಸೈನ್ಯದ ಚರಿತ್ರೆ ಓದಿಕೊಂಡ ಪ್ರೊಫೆಸರ್ ಒಬ್ಬರು. ನಾನು. ಐದನೆಯವರು ಸೂರತ್‌ನ ವರಾಛಾದಿಂದ ಬಂದ ಹೆಂಗಸು, ಐವತ್ತರ ಆಸುಪಾಸಿನವರು. ಅವರ ಮಗ ಅದೇ ಪಲ್ಟಣದಲ್ಲಿದ್ದ. ಹಿಮದ ಠಾಣೆಯೊಂದರ ಹತ್ತಿರ ಹಿಮ ಕುಸಿದು ಹೋದ, ದೇಹ ಸಿಗಲಿಲ್ಲ ಎಂದು ಆಕೆ ಬರುವುದಕ್ಕೆ ಮುಂಚೆಯೇ ಬ್ರಿಗೇಡಿಯರ್ ನಮಗೆ ತಿಳಿಸಿದ್ದರು. ಮನೆಗಳವರ ಪರವಾಗಿ ಒಬ್ಬರಿರಲಿ ಎಂದು ಅವರನ್ನು ಕರೆದಿದ್ದರಂತೆ. ವರಾಛಾದ ವಜ್ರದ ಕಾರ್ಖಾನೆಗಳಲ್ಲಿ ಕಲ್ಲು ಆರಿಸುವ ಕೆಲಸ ಮಾಡಿದ್ದವರಾದ್ದರಿಂದ ಅವರ ಪರ್ಸಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತಿತ್ತು. ಮಾತು ಗುಜರಾತಿ, ನನ್ನ ಮೇಲಿನ ಕನಿಕರಕ್ಕೆ ನಡುನಡುವೆ ಹಿಂದಿ.

ಬ್ರಿಗೇಡಿಯರ್ ನಿಯಮಗಳನ್ನು ಓದಿದರು. ಚಿತ್ರಗಳಿಗೆ ನಂಬರ್ ಮಾತ್ರ ಇರುತ್ತದೆ, ಬರೆದವರ ಹೆಸರು ಮುಚ್ಚಿದ ಲಕೋಟೆಯಲ್ಲಿರುತ್ತದೆ. ಮೊದಲ ಸುತ್ತಿನಲ್ಲಿ ಯಾರೂ ಮಾತಾಡಕೂಡದು. ಚಿತ್ರದಲ್ಲಿ ದೇವರು ಇರಕೂಡದು, ಶತ್ರುವಿನ ಹೆಣ ಇರಕೂಡದು, ಗುರುತು ಹಿಡಿಯಬಹುದಾದ ಯಾವ ವ್ಯಕ್ತಿಯೂ ಇರಕೂಡದು, ಬದುಕಿದ್ದವನಾಗಲಿ ಸತ್ತವನಾಗಲಿ. ಈ ಕೊನೆಯದನ್ನು ಎರಡು ಸಲ ಓದಿದರು. ನಾಣ್ಯ ಎಲ್ಲ ಮನೆಗಳಿಗೂ ಹೋಗುವುದು, ಒಬ್ಬನ ಮುಖ ಹಾಕಿದರೆ ಉಳಿದವರ ಮನೆಯಲ್ಲಿ ಅದು ಬೇರೆಯವನ ನಾಣ್ಯ ಆಗುತ್ತದೆ ಎಂದು ವಿವರಿಸಿದರು. ಎಲ್ಲರೂ ತಲೆಯಾಡಿಸಿದೆವು.

ಉದ್ದ ಮೇಜಿನ ಮೇಲೆ ಚಿತ್ರಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದರ ಪಕ್ಕದಲ್ಲೂ ಅದೇ ಚಿತ್ರ ನಾಣ್ಯದ ಅಳತೆಗೆ ಕುಗ್ಗಿಸಿದ್ದು. ದೊಡ್ಡದಾಗಿ ಚೆಂದ ಕಂಡದ್ದು ಚಿಕ್ಕದಾದಾಗ ಅನೇಕ ಸಲ ನೊಣ ಕೂತಂತೆ ಕಾಣುತ್ತದೆ. ಅಡ್ಡ ಇಟ್ಟ ಬಂದೂಕುಗಳು ಬಹಳ ಇದ್ದವು, ಗರ್ಜಿಸುವ ಹುಲಿಗಳೂ ಇದ್ದವು. ಪಲ್ಟಣ ಎಂದೂ ಮುಟ್ಟಿಯೇ ಇರದ ಬಂದೂಕನ್ನು ಬರೆದದ್ದೊಂದು. ಪ್ರೊಫೆಸರ್ ತಮ್ಮ ಹಾಳೆಯಲ್ಲಿ ಅದರ ಮುಂದೆ ದೊಡ್ಡ ಗೀಟು ಎಳೆದದ್ದು ನನಗೆ ಕಂಡಿತು. ಟಂಕಸಾಲೆಯ ಮುದುಕರು ಎಲ್ಲವನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದರು. ಹಾಗೆ ನೋಡಿದರೆ ಕಥೆ ಮರೆತುಹೋಗಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎನ್ನುವುದಷ್ಟೇ ಉಳಿಯುತ್ತದೆ ಎಂದು ಅವರು ಆಮೇಲೆ ನನಗೆ ಹೇಳಿಕೊಟ್ಟರು. ಈಗ ನಾನೂ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತೇನೆ.

ಹನ್ನೊಂದನೇ ನಂಬರಿನ ಮುಂದೆ ಎಲ್ಲರೂ ನಿಂತೆವು. ಅದರಲ್ಲಿ ಬಂದೂಕೂ ಇರಲಿಲ್ಲ, ಬಾವುಟವೂ ಇರಲಿಲ್ಲ. ಒಬ್ಬ ಸಿಪಾಯಿ ನಮಗೆ ಬೆನ್ನು ಹಾಕಿ ಹಿಮದಲ್ಲಿ ನಡೆದು ಹೋಗುತ್ತಿದ್ದಾನೆ. ಸೊಂಟದಿಂದ ಒಂದು ಹಗ್ಗ ಹಿಂದಕ್ಕೆ, ನಮ್ಮ ಕಡೆಗೆ, ಬಂದಿದೆ. ಟೋಪಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡು ತಲೆಯನ್ನು ಅಷ್ಟೇ ಅಷ್ಟು ಹಿಂದಕ್ಕೆ ತಿರುಗಿಸಿದ್ದಾನೆ. ಮುಖ ಕಾಣುವುದಿಲ್ಲ. ಒಂದು ಕಿವಿ, ಕೆನ್ನೆಯ ಗೆರೆ, ಅಷ್ಟೇ. ನಾಣ್ಯದ ಅಳತೆಯಲ್ಲೂ ಆ ತಿರುಗುವಿಕೆ ಕಳೆದುಹೋಗಿರಲಿಲ್ಲ. ನಾನು ಕಂಡ ಒಳ್ಳೆಯ ನಾಣ್ಯದ ಚಿತ್ರಗಳಲ್ಲಿ ಅದು ಒಂದು. ಈಗಲೂ ಹಾಗೆಯೇ ಹೇಳುತ್ತೇನೆ.

ಮೌನದ ಸುತ್ತು ಮುಗಿದ ಮೇಲೆ ಬ್ರಿಗೇಡಿಯರ್, ಇದನ್ನು ಬರೆದವನು ಹಿಮದಲ್ಲಿ ನಡೆದವನೇ, ಹಗ್ಗದ ಆ ಗಂಟನ್ನು ಪುಸ್ತಕ ನೋಡಿ ಯಾರೂ ಬರೆಯಲಾರರು ಎಂದರು. ಅಂಕಗಳ ಹಾಳೆಗಳನ್ನು ಒಟ್ಟು ಮಾಡಿದಾಗ ನಾಲ್ವರೂ ಹನ್ನೊಂದನ್ನೇ ಮೇಲೆ ಇಟ್ಟಿದ್ದೆವು. ಸೂರತ್‌ನ ಹೆಂಗಸು ಉಳಿದೆಲ್ಲ ಚಿತ್ರಗಳಿಗೂ ಅಂಕ ಕೊಟ್ಟಿದ್ದರು, ಹನ್ನೊಂದರ ಮುಂದೆ ಮಾತ್ರ ಖಾಲಿ. ಮರೆತಿರಾ ಎಂದು ಬ್ರಿಗೇಡಿಯರ್ ಕೇಳಿದರು. ಆಕೆಯ ಭೂತಗನ್ನಡಿ ಇನ್ನೂ ಚಿತ್ರದ ಮೇಲೆಯೇ ಇತ್ತು. ನನ್ನ ಕಡೆ ತಿರುಗಿ, ಅಕ್ಕ ಎನ್ನುವ ಗುಜರಾತಿ ಮಾತಿನಿಂದ ಕರೆದು ಕೇಳಿದರು:

"ಬೆನ್, ಇವನನ್ನು ಯಾರು ಕರೆದರು?"

ನನಗೆ ಅರ್ಥವಾಗಲಿಲ್ಲ. ಅವರು ಮತ್ತೆ ಹೇಳಿದರು. "ಸುಮ್ಮನೆ ಯಾರೂ ಹೀಗೆ ತಿರುಗುವುದಿಲ್ಲ. ಹಿಂದಿನಿಂದ ಯಾರೋ ಕರೆದಿದ್ದಾರೆ."

ನಾನು ಮೇಷ್ಟ್ರ ಉತ್ತರ ಕೊಟ್ಟೆ. ಬರೀ ಬೆನ್ನಿದ್ದರೆ ಚಿತ್ರ ಸತ್ತಹಾಗೆ ಇರುತ್ತದೆ, ತಲೆ ತಿರುಗಿಸಿದ್ದರಿಂದ ಚಲನೆ ಬಂದಿದೆ, ನೋಡುವವರಿಗೂ ಅವನಿಗೂ ಸಂಬಂಧ ಹುಟ್ಟಿದೆ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ಕಿವಿಯ ಅಂಚಿನಲ್ಲಿ ಒಂದು ಸಣ್ಣ ತಗ್ಗು ಇದೆಯಲ್ಲ, ಅದು ಪೆನ್ಸಿಲ್ ಜಾರಿದ್ದಾ ಎಂದು ಕೇಳಿದರು. ನಾನು ಬಗ್ಗಿ ನೋಡಿದೆ. ಮೇಲಿನ ಅಂಚಿನಲ್ಲಿ ಇಲಿ ಕಡಿದಂಥ ಒಂದು ಚುಕ್ಕೆ ಇತ್ತು. ಜಾರಿದ್ದೇ ಇರಬೇಕು ಎಂದೆ. ಲೋಹದಲ್ಲಿ ಅದು ಅಚ್ಚಿನ ದೋಷದ ಹಾಗೆ ಕಾಣುತ್ತದೆ, ಸರಿಪಡಿಸಿದರಾಯಿತು ಎಂದು ನಾನೇ ಷರಾ ಬರೆದೆ. ನಿಮ್ಮ ಅಂಕ ಏನು ಎಂದು ಬ್ರಿಗೇಡಿಯರ್ ಮತ್ತೆ ಕೇಳಿದಾಗ ಆಕೆ, ನಿಮ್ಮೆಲ್ಲರ ಇಷ್ಟವೇ ನನ್ನದು ಎಂದು ಭೂತಗನ್ನಡಿಯನ್ನು ಮಡಿಸಿ ಒಳಗಿಟ್ಟುಕೊಂಡರು.

ಲಕೋಟೆ ಒಡೆದರು. ಹೆಸರನ್ನು ಎಲ್ಲರಿಗೂ ಹೇಳುವಂತಿರಲಿಲ್ಲ. ಕೊನೆಯ ಒಪ್ಪಿಗೆ ಆಗುವವರೆಗೂ ಅದು ಅಧ್ಯಕ್ಷರಿಗೆ ಮತ್ತು ಮಾದರಿ ತಯಾರಿಸುವ ನನಗೆ ಮಾತ್ರ. ಆತ ಅದೇ ಪಲ್ಟಣದ ನಿವೃತ್ತ ಸಿಪಾಯಿ. ಈಗ ವಡೋದರಾದ ಹೊರವಲಯದ ಔಷಧಿ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲು ಕೆಲಸ. ಊರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ.

ಆತ ಮುಂದಿನ ವಾರ ಕಲಾಶಾಲೆಯ ನಮ್ಮ ಸ್ಟುಡಿಯೋಕ್ಕೆ ಬಂದ. ನಲವತ್ತಕ್ಕೆ ಹತ್ತಿರದ, ಗಟ್ಟಿಮುಟ್ಟಾದ ಆಳು. ಬಾಗಿಲಲ್ಲಿ ಬೂಟು ಬಿಟ್ಟು ಬಂದು ಹಿಂದಿಯಲ್ಲಿ ನಮಸ್ಕಾರ ಹೇಳಿದ. ನಾನು ಕನ್ನಡದಲ್ಲಿ, ಬರ್ರಿ, ಕೂಡ್ರಿ ಎಂದೆ. ಆತ ಕೂರಲಿಲ್ಲ. ನಮ್ಮ ಮನೆಯಲ್ಲಿ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಗಂಡನನ್ನು ಬಿಟ್ಟರೆ ನಮ್ಮ ಕಡೆಯ ಮಾತು ಕೇಳಿಯೇ ಎಷ್ಟೋ ದಿನ ಆಗಿತ್ತು. ಆತನಿಗೂ ಹಾಗೆಯೇ ಇದ್ದಿರಬೇಕು. ಅದಕ್ಕೇ ಅಷ್ಟೆಲ್ಲ ಹೇಳಿದ ಎಂದುಕೊಳ್ಳುತ್ತೇನೆ. ಹಿಂದಿಯಲ್ಲಾದರೆ ಹೇಳುತ್ತಿರಲಿಲ್ಲ.

ಮಣ್ಣಿನ ಮಾದರಿಯನ್ನು ನಾನು ಮಾಡುತ್ತಿದ್ದೆ, ಆತ ಪಕ್ಕದಲ್ಲಿ ನಿಂತು ಹಗ್ಗ ಹೀಗಲ್ಲ, ಬೆನ್ನಿನ ಹೊರೆ ಇನ್ನೂ ಕೆಳಗೆ ಎಂದು ಹೇಳುತ್ತಿದ್ದ. ಬಿಡುವಿನ ದಿನಗಳಲ್ಲಿ ಬಂದು ಮಧ್ಯಾಹ್ನವೆಲ್ಲ ನಿಲ್ಲುತ್ತಿದ್ದ. ಮೂರನೇ ಸಲವೋ ನಾಲ್ಕನೇ ಸಲವೋ ಕಿವಿಗೆ ಬಂದೆವು. ನಾನು ಅಂಚನ್ನು ನಯವಾಗಿ ತೀಡಿದೆ. ಚಹಾ ತರಿಸಿ ನಾನು ಕೈ ತೊಳೆದು ಬರುವಷ್ಟರಲ್ಲಿ ಆ ಅಂಚಿನಲ್ಲಿ ಉಗುರಿನಿಂದ ಒತ್ತಿದ ಗುರುತು ಇತ್ತು. ಜಾಗ ಅದೇ. ನಾನು ಅವನ ಮುಖ ನೋಡಿದೆ.

"ಅದು ತಪ್ಪಲ್ರಿ ಅಕ್ಕಾರ," ಎಂದ. "ಅಂವನ ಕಿವಿ ಹಂಗ ಇತ್ತು. ಅದಿಲ್ಲದ ನನಗ ಆ ಕಿವಿ ಬರ್ಯಾಕ ಬರೂದಿಲ್ಲ."

ಆಮೇಲೆ ಆತನೇ ಹೇಳಿದ. ಅವರು ನಾಲ್ವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ನಡುವೆ ಅಂತರ ಬಿಟ್ಟು ಠಾಣೆಯಿಂದ ಇಳಿಯುತ್ತಿದ್ದರು. ಬೆಳಗಿನ ಹೊತ್ತು. ಇಬ್ಬರು ಮುಂದೆ ದಾಟಿ ಹೋಗಿದ್ದರು. ಮೂರನೆಯವನು ಅವನು, ಗುಜರಾತಿನ ಹುಡುಗ, ಕೊನೆಯಲ್ಲಿ ಈತ. ಇಳಿಜಾರು ಕೆಟ್ಟದ್ದು ಎಂದು ಆ ಜಾಗದಲ್ಲಿ ಹಗ್ಗ ಬಿಚ್ಚಿಕೊಂಡು ಒಬ್ಬೊಬ್ಬರೇ ಬೇಗ ದಾಟಬೇಕು ಎಂದು ಅಪ್ಪಣೆ ಇತ್ತು. ಚಿತ್ರದಲ್ಲಿರುವ ಹಗ್ಗ ತಾನು ಬರೆಯುವಾಗ ಕಟ್ಟಿದ್ದು ಎಂದ. ಹುಡುಗನ ಒಂದು ಕೈಗವಸು ಬಿದ್ದಿತ್ತು. ಈತ ಅದನ್ನು ಎತ್ತಿಕೊಂಡು ಕರೆದ.

"ನಾ ಕರದೆ ರಿ. ಅಂವ ನಿಂತ. ಹೊಳ್ಳಿ ನೋಡಿದ. ಪೂರ್ತಿ ಹೊಳ್ಳಲಿಲ್ಲ. ಅಷ್ಟರಾಗ ಮ್ಯಾಲಿಂದ ಬಂತು."

ಮಣ್ಣಿನ ಹಲಗೆಯನ್ನೇ ನೋಡಿದ. "ಕರೀದಿದ್ರ ಇನ್ನ ಎರಡ ಹೆಜ್ಜಿ ಮುಂದ ಇರತಿದ್ದ. ಎರಡ ಹೆಜ್ಜಿ ಮುಂದ ದೊಡ್ಡ ಕಲ್ಲಿನ ಆಸರ ಇತ್ತು ರಿ."

ಸೈನ್ಯದವರ ವಿಚಾರಣೆಯಲ್ಲಿ ಆತ ಎಲ್ಲವನ್ನೂ ಹೇಳಿದ್ದನಂತೆ, ಕರೆದದ್ದೊಂದನ್ನು ಬಿಟ್ಟು. ಯಾರೂ ಕೇಳಿರಲಿಲ್ಲ. ಆ ಹುಡುಗನ ಮನೆಯವರು ಎಲ್ಲಿದ್ದಾರೋ, ಸೂರತ್ ಅಂತಿದ್ದ, ನಾನು ಇಷ್ಟು ಹತ್ತಿರ ಬಂದು ಕೂತು ಇಷ್ಟು ವರ್ಷ ಆಯಿತು, ಒಮ್ಮೆಯೂ ಹೋಗಲಿಲ್ಲ ಎಂದ. ಆ ಹುಡುಗನ ತಾಯಿ ಒಂದು ತಿಂಗಳ ಹಿಂದೆ ಈ ಚಿತ್ರದ ಮೇಲೆ ಭೂತಗನ್ನಡಿ ಇಟ್ಟುಕೊಂಡು ಕೂತಿದ್ದರು ಎಂದು ನಾನು ಹೇಳುವಂತಿರಲಿಲ್ಲ. ಸಮಿತಿಯ ಸದಸ್ಯರು ಯಾರು ಎಂಬುದೂ ಗುಟ್ಟೇ. ಆಕೆ ನನಗೆ ಕೇಳಿದ ಪ್ರಶ್ನೆಯ ಉತ್ತರ ಇವನು, ನನ್ನ ಮುಂದೆ ಚಹಾ ಕುಡಿಯುತ್ತ ನಿಂತಿದ್ದ.

ಆವತ್ತಿನಿಂದ ನನಗೆ ಒಂದು ಕಾಟ ಹತ್ತಿತು. ಮಣಿನಗರದಿಂದ ವಡೋದರಾಕ್ಕೆ ನಾನು ದಿನವೂ ರೈಲಿನಲ್ಲಿ ಹೋಗಿ ಬರುವವಳು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ, ಬೋಗಿಯ ಬಾಗಿಲಲ್ಲಿ, ಮುಂದೆ ನಿಂತ ಗಂಡಸರ ಕಿವಿಗಳನ್ನು ನೋಡತೊಡಗಿದೆ. ನೋಡಬಾರದು ಎಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಟಿಫಿನ್ ಹಿಡಿದ ಗುಮಾಸ್ತರು, ಕಾಲೇಜಿನ ಹುಡುಗರು, ಎಲ್ಲರೂ ನನಗೆ ಬೆನ್ನು ಹಾಕಿದವರೇ. ನಡಿಯಾದ್ ನಿಲ್ದಾಣದಲ್ಲಿ ಯಾರೋ ಯಾರನ್ನೋ ಕೂಗುತ್ತಾರೆ, ಬಾಗಿಲಲ್ಲಿ ನಿಂತ ಯುವಕ ಅಷ್ಟೇ ಅಷ್ಟು ತಲೆ ತಿರುಗಿಸುತ್ತಾನೆ, ನಾನು ಅವನ ಕಿವಿಯ ಅಂಚನ್ನು ಹುಡುಕುತ್ತೇನೆ. ಮನೆಯಲ್ಲಿ ಗಂಡನನ್ನು ಅಡಿಗೆಮನೆಯಿಂದ ಕರೆಯುವುದನ್ನೂ ಬಿಟ್ಟೆ. ಎದ್ದು ಹೋಗಿ ಎದುರಿಗೆ ನಿಂತು ಮಾತಾಡುತ್ತಿದ್ದೆ. ಅವರಿಗೆ ಇದು ಗೊತ್ತಾಗಿ, ಏನಾಗೇದ ನಿನಗ ಎಂದು ಕೇಳಿದರು. ಗುಟ್ಟು ಎಂದು ಅವರಿಗೂ ಹೇಳಲಿಲ್ಲ.

ಎರಡನೇ ಸಭೆ ವಡೋದರಾದಲ್ಲಿ, ನಮ್ಮ ಸ್ಟುಡಿಯೋದಲ್ಲೇ. ಮಣ್ಣಿನಿಂದ ಪ್ಲಾಸ್ಟರ್ ಮಾದರಿ ಎತ್ತಿ ಆಗಿತ್ತು, ಊಟದ ತಟ್ಟೆಯಷ್ಟು ದೊಡ್ಡದು. ಇದನ್ನು ಯಂತ್ರದಲ್ಲಿ ಅಳೆದು ಕುಗ್ಗಿಸಿ ಉಕ್ಕಿನಲ್ಲಿ ಕೊರೆಯುತ್ತಾರೆ. ನಾನು ತಗ್ಗನ್ನು ತೆಗೆದಿರಲಿಲ್ಲ. ತೆಗೆಯಬೇಕು ಎಂದು ಷರಾ ಬರೆದವಳು ನಾನೇ. ಆದರೆ ಆತ ಹೇಳಿದ ಮೇಲೆ ಕೈ ಬರಲಿಲ್ಲ. ಕಂಡರೆ ಕಾಣಲಿ, ಮರೆತೆ ಎಂದರಾಯಿತು ಎಂದುಕೊಂಡಿದ್ದೆ. ಇದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಸಮಿತಿಯಿಂದ ಮುಚ್ಚಿಟ್ಟ ಹಾಗಾಯಿತು.

ಟಂಕಸಾಲೆಯ ಮುದುಕರು ದೀಪವನ್ನು ಪಕ್ಕದಿಂದ ಹಿಡಿದರು. ಓರೆ ಬೆಳಕಿನಲ್ಲಿ ಉಬ್ಬುಗಳೆಲ್ಲ ನೆರಳು ಬಿಟ್ಟವು. ನಾಣ್ಯದಲ್ಲಿ ಮೊದಲು ಸವೆಯುವುದು ಮೂಗು, ಇದು ಮೂಗಿಲ್ಲದ ಚಿತ್ರ, ಆ ಭಯವಿಲ್ಲ ಎಂದು ಅವರು ಮೆಚ್ಚಿದರು. ಅಂಚಿನ ಅಕ್ಷರಗಳು ಕಿಕ್ಕಿರಿದಿವೆ ಎಂದು ಪ್ರೊಫೆಸರ್ ಹೇಳಿ ಎರಡು ಪದ ಹೊಡೆದುಹಾಕಿಸಿದರು. ಹಾಗೆ ಬೆಳಕು ಮೇಲಕ್ಕೆ ಬಂದಾಗ ಕಿವಿಯ ಆ ತಗ್ಗು ಸಾಸಿವೆಯಷ್ಟು ಕಪ್ಪಾಗಿ ಎದ್ದು ಕಂಡಿತು. ಇದನ್ನು ತೆಗೆಯಬೇಕೆಂದು ಬರೆದಿತ್ತಲ್ಲ ಎಂದು ಬ್ರಿಗೇಡಿಯರ್ ನನ್ನನ್ನು ಕೇಳಿದರು. ಅಷ್ಟರಲ್ಲಿ ಸೂರತ್‌ನ ಹೆಂಗಸು ಎದ್ದು ಬಂದು ಆ ತಗ್ಗಿನ ಮೇಲೆ ಬೆರಳು ಇಟ್ಟರು.

"ಇದು ಜಾರಿದ್ದಲ್ಲ," ಎಂದರು. "ಇದು ಪತಂಗದ ದಾರ."

ಊರೆಲ್ಲ ಗಾಳಿಪಟ ಹಾರಿಸುವ ಉತ್ತರಾಯಣದ ದಿನ, ಮಗ ಎಂಟು ವರ್ಷದವನಿದ್ದಾಗ, ತಾರಸಿಯ ಮೇಲೆ ಪಕ್ಕದ ಮನೆಯವರ ಗಾಳಿಪಟದ ದಾರ ಬಂದು ಕಿವಿಯ ಅಂಚನ್ನು ಕೊಯ್ದುಕೊಂಡು ಹೋಗಿತ್ತಂತೆ. ಗಾಜಿನ ಪುಡಿ ಮೆತ್ತಿದ ದಾರ. ಹೊಲಿಗೆ ಹಾಕಿಸಿದರೂ ಅಷ್ಟು ಉಳಿಯಿತು. ಸೈನ್ಯಕ್ಕೆ ಸೇರುವಾಗ ಗುರುತಿನ ಚಿಹ್ನೆ ಎಂದು ಅದನ್ನೇ ಬರೆಸಿದ್ದರು. ಇದನ್ನೆಲ್ಲ ಅವರು ಅಳದೆ, ಯಾರದೋ ಮನೆಯ ವಿಷಯ ಹೇಳಿದಂತೆ ಹೇಳಿದರು. ಅಹಮದಾಬಾದಿನಲ್ಲೇ ಗೊತ್ತಾಗಿತ್ತು, ಭುಜ ನೋಡಿಯೇ ಗೊತ್ತಾಗಿತ್ತು, ಆದರೆ ತಾಯಿಯ ಕಣ್ಣು ಎಲ್ಲ ಹುಡುಗರಲ್ಲೂ ಅವನನ್ನೇ ಕಾಣುತ್ತದೆ, ಅದಕ್ಕೇ ಸುಮ್ಮನಿದ್ದೆ ಎಂದರು.

ನಿಯಮಗಳ ಹಾಳೆ ಬ್ರಿಗೇಡಿಯರ್ ಕೈಯಲ್ಲೇ ಇತ್ತು. ಹಾಗಾದರೆ ಈ ವಿನ್ಯಾಸವನ್ನು ಕೈಬಿಡಬೇಕಾಗುತ್ತದೆ ಅಮ್ಮಾ, ನನ್ನನ್ನು ಕ್ಷಮಿಸಿ ಎಂದರು. ಪ್ರೊಫೆಸರ್, ನಮಗೆ ಗೊತ್ತು ಅಷ್ಟೇ, ಬೇರೆ ಯಾರಿಗೆ ಗೊತ್ತಾಗುತ್ತದೆ, ಹಾಗೇ ಬಿಡೋಣ ಎಂದರು. ಟಂಕಸಾಲೆಯವರೂ ಅದಕ್ಕೆ ಒಪ್ಪಿದರು. ಇಬ್ಬರ ದನಿಯಲ್ಲೂ ಕರುಣೆ ಇತ್ತು, ನನ್ನ ಮನಸ್ಸೂ ಅತ್ತಲೇ ಇತ್ತು. ಬೇಡ ಎಂದವರು ಆಕೆಯೇ.

"ಉಳಿದ ಮನೆಗಳಿಗೂ ಹೋಗಬೇಕಲ್ಲ ಇದು," ಎಂದರು. "ಅವರೂ ಕಿವಿ ನೋಡುತ್ತಾರೆ. ಮುಚ್ಚಿಬಿಡಿ."

ಮುಚ್ಚಬೇಕಾದವಳು ನಾನು. ಒಣಗಿದ ಪ್ಲಾಸ್ಟರಿಗೆ ಹಸಿ ಪ್ಲಾಸ್ಟರ್ ಹಿಡಿಯುವುದಿಲ್ಲ, ಮೊದಲು ಆ ಜಾಗವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಕುಂಚದಿಂದ ನೀರು ಹಚ್ಚಿದೆ, ಹೀರಿಕೊಂಡಿತು, ಮತ್ತೆ ಹಚ್ಚಿದೆ. ಆಕೆ ನನ್ನ ಮಗ್ಗುಲಲ್ಲೇ ನಿಂತಿದ್ದರು. ಒಂದು ಅಕ್ಕಿಕಾಳಿನಷ್ಟು ಪ್ಲಾಸ್ಟರನ್ನು ಅಲಗಿನ ತುದಿಯಲ್ಲಿ ತೆಗೆದುಕೊಂಡು ಒತ್ತಿ, ಗಟ್ಟಿಯಾಗುವ ಮೊದಲು ಅಂಚಿಗೆ ಸರಿಯಾಗಿ ತೀಡಿದೆ. ಎರಡು ನಿಮಿಷದ ಕೆಲಸ. ಜೀವನದಲ್ಲಿ ಅಷ್ಟು ನಾಜೂಕಾಗಿ ನಾನು ಏನನ್ನೂ ಮಾಡಿಲ್ಲ. ಮುಗಿದಾಗ ಕಿವಿ ಪೂರ್ತಿಯಾಗಿತ್ತು, ಯಾರ ಕಿವಿಯೂ ಆಗಿರಬಹುದಿತ್ತು. ಆಕೆ ಅದನ್ನು ನೋಡಿ ತಲೆಯಾಡಿಸಿ ಸೆರಗಿನಿಂದ ನನ್ನ ಕೈಮೇಲಿನ ಬಿಳಿ ಪುಡಿಯನ್ನು ಒರೆಸಿದರು. ಬ್ರಿಗೇಡಿಯರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಕೊನೆಯ ಸಭೆ ಸೂರತ್‌ನಲ್ಲಿ. ಕತಾರ್‌ಗಾಮ್‌ನ ಒಂದು ಓಣಿಯಲ್ಲಿ ಉಕ್ಕಿನ ಅಚ್ಚು ಕೊರೆಯುವ ಕಾರ್ಯಾಗಾರವಿತ್ತು. ಹಿಂದೆ ಅದೂ ವಜ್ರ ತಿಕ್ಕುವ ಜಾಗವೇ. ಪರೀಕ್ಷೆಗೆ ತಾಮ್ರದಲ್ಲಿ ಮೂರು ನಾಣ್ಯ ಒತ್ತಿದರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದವು. ಮುದುಕರು ಅಂಚನ್ನು ಉಗುರಿನಿಂದ ತಡವಿ ನೋಡಿದರು, ಬ್ರಿಗೇಡಿಯರ್ ಅಕ್ಷರಗಳನ್ನು ಒಂದೊಂದಾಗಿ ಓದಿದರು. ನಾನು ಕಿವಿ ನೋಡಿದೆ. ಏನೂ ಇರಲಿಲ್ಲ, ಆದರೂ ನನಗೆ ಕಾಣುತ್ತಿತ್ತು. ಎಲ್ಲರೂ ಸಹಿ ಮಾಡಿದೆವು. ಆಗ ನಿಯಮದ ಪ್ರಕಾರ ಚಿತ್ರ ಬರೆದವನ ಹೆಸರು, ಊರು, ಈಗಿನ ಕೆಲಸದ ಜಾಗ ಹೇಳಿದರು. ಹಿಮ ಕುಸಿದ ದಿನ ಅವನು ಅದೇ ಹಾದಿಯಲ್ಲಿ ಇದ್ದವನೆಂಬುದು ಬ್ರಿಗೇಡಿಯರಿಗೆ ವಿಚಾರಣೆಯ ಕಾಗದಗಳಿಂದ ತಿಳಿದಿತ್ತು, ಅದನ್ನೂ ಹೇಳಿದರು. ಆಕೆ ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಹೊರಗೆ ಬಂದ ಮೇಲೆ ನನ್ನ ಮೊಣಕೈ ಹಿಡಿದು, ಮನೆಗೆ ಬನ್ನಿ, ಊಟ ಮಾಡಿಕೊಂಡು ರೈಲು ಹಿಡಿಯಿರಿ ಎಂದರು. ವರಾಛಾದ ಒಂದು ಕಟ್ಟಡದ ಮೂರನೇ ಮಹಡಿ. ಕೆಳಗಿನ ಮಹಡಿಗಳಲ್ಲಿ ವಜ್ರದ ಗಾಲಿಗಳು ತಿರುಗುತ್ತಿದ್ದವು. ನೆಲಕ್ಕೆ ಕಾಲಿಟ್ಟರೆ ಸಣ್ಣ ನಡುಕ ಪಾದಕ್ಕೆ ಹತ್ತುತ್ತಿತ್ತು. ಗಂಡ ಕೆಲಸಕ್ಕೆ ಹೋಗಿದ್ದರು. ಗೋಡೆಯ ಮೇಲಿದ್ದ ಫೋಟೋದಲ್ಲಿ ಹುಡುಗ ಎದುರು ಮುಖ ಮಾಡಿ ನಿಂತಿದ್ದ. ನಾನು ಅವನ ಮುಖ ನೋಡಿದ್ದು ಅದೇ ಮೊದಲು. ಅಷ್ಟು ದಿನ ಬೆನ್ನನ್ನೇ ತೀಡಿದವಳಿಗೆ ಅದು ಯಾರೋ ಅಪರಿಚಿತನ ಮುಖ ಅನ್ನಿಸಿತು. ಅದು ನನಗೆ ನಾಚಿಕೆ ತಂದಿತು.

ಊಟ ಬಡಿಸುತ್ತ ಆಕೆ, ಆ ಮನುಷ್ಯ ನಿಮ್ಮ ಕಡೆಯವನಂತೆ, ನಿಮ್ಮ ಜೊತೆ ಮಾತಾಡಿರಬೇಕು ಎಂದರು. ಹೌದು ಎಂದೆ. ಸುಳ್ಳು ಹೇಳಬಹುದಿತ್ತು. ಗುಟ್ಟಿನ ನಿಯಮ ಮುಗಿದಿತ್ತು, ಆದರೆ ಹೇಳಲೇಬೇಕೆಂಬ ನಿಯಮವೂ ಇರಲಿಲ್ಲ. ಆಕೆ ನನ್ನ ತಟ್ಟೆಯನ್ನು ನೋಡುತ್ತ ಕಾಯುತ್ತಿದ್ದರು. ಅವನೇ ಕರೆದನಂತೆ ಎಂದುಬಿಟ್ಟೆ. ಕೈಗವಸಿನ ವಿಷಯ, ಎರಡು ಹೆಜ್ಜೆಯ ವಿಷಯ, ಎಲ್ಲ ಹೇಳಿದೆ. ಹಿಂದಿಯಲ್ಲಿ ಅದೆಲ್ಲ ಬಹಳ ಬೇಗ ಮುಗಿದುಹೋಯಿತು.

ಆಕೆ ಸೌಟನ್ನು ಪಾತ್ರೆಯಲ್ಲಿ ಇಟ್ಟರು. ಕೈಗವಸಿನ ಬಗ್ಗೆ ಕೇಳಲಿಲ್ಲ. ಕೇಳಿದ್ದು ಬೇರೆ.

"ಏನೆಂದು ಕರೆದ? ಯಾವ ಹೆಸರಿನಿಂದ?"

ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಕೇಳಿಯೇ ಇರಲಿಲ್ಲ. ಫೋನ್ ಮಾಡಿ ಎಂದರು. ಅಲ್ಲಿಂದಲೇ ಮಾಡಿದೆ, ಆಕೆಗೂ ಕೇಳಿಸುವಂತೆ. ಯಾರ ಮನೆಯಲ್ಲಿ ಕೂತಿದ್ದೇನೆ ಎಂದು ಮೊದಲು ಹೇಳಿದೆ. ಆ ಕಡೆ ಲಾರಿಗಳ ಶಬ್ದ ಕೇಳುತ್ತಿತ್ತು. ನೀವು ಅವತ್ತು ಏನಂತ ಕರೆದಿರಿ ಎಂದು ಕೇಳಿದೆ.

"ತಮ್ಮಾ ಅಂತ ರಿ," ಎಂದ. "ದಿನಾಲೂ ಹಂಗ ಕರೀತಿದ್ದೆ. ಅಂವಗ ಗೊತ್ತಾಗತಿತ್ತು. ತಮ್ಮಾ, ನಿಂದರು ಅಂದೆ."

ಆಕೆ ನನ್ನ ಮುಖ ನೋಡಿದರು. ಚಿಕ್ಕ ತಮ್ಮನನ್ನು ನಮ್ಮ ಭಾಷೆಯಲ್ಲಿ ಹಾಗೆ ಕರೆಯುತ್ತೇವೆ, ಗುಜರಾತಿಯ ‘ನಾನೋ ಭಾಯಿ’ ಇದ್ದ ಹಾಗೆ ಎಂದೆ. ಆಕೆ ಆ ಪದವನ್ನು ಒಂದು ಸಲ ಬಾಯಲ್ಲಿ ಹೇಳಿಕೊಂಡರು. ಮ ಕಾರದ ಒತ್ತು ಅವರಿಗೆ ಸರಿಯಾಗಿ ಬಂತು.

"ಮನೆಯಲ್ಲಿ ಅವನೇ ದೊಡ್ಡವನು," ಎಂದರು. "ಅವನನ್ನು ಚಿಕ್ಕವನೆಂದು ಕರೆದವರು ಇಲ್ಲಿ ಯಾರೂ ಇರಲಿಲ್ಲ."

ಫೋನಿನಲ್ಲಿ ಆತ ಇನ್ನೂ ಇದ್ದ, ಆಕೆಯ ದನಿ ಅವನಿಗೆ ಕೇಳಿಸಿರಬೇಕು. ಹಿಂದಿಯಲ್ಲಿ ಮಾ-ಜಿ ಎಂದು ಏನೋ ಶುರು ಮಾಡಿದ. ಆಕೆ ಕೈಸನ್ನೆಯಿಂದ ಫೋನ್ ಇಡಲು ಹೇಳಿದರು. ಇಟ್ಟೆ. ಆಮೇಲೆ ನನಗೆ ಇನ್ನೆರಡು ಸೌಟು ಮಜ್ಜಿಗೆಯ ಕಢಿ ಬಡಿಸಿದರು. ನಾನು ಮೆಟ್ಟಿಲು ಇಳಿಯುವ ಮುಂಚೆ ಬಾಗಿಲಲ್ಲಿ ನಿಂತು ಅವರು ಹೇಳಿದ್ದು ಇಷ್ಟು: ಅವನದು ತಪ್ಪು ಎಂದು ನಾನು ಹೇಳುವುದಿಲ್ಲ, ತಪ್ಪಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಆ ಸಂಜೆ ರೈಲಿನಲ್ಲಿ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ಗಂಡನಿಗೆ ಎಲ್ಲ ಹೇಳಿದೆ. ನೀ ಹೇಳಬಾರದಿತ್ತು ಎಂದು ಮೊದಲು ಅಂದರು. ಸ್ವಲ್ಪ ಹೊತ್ತಿನ ಮೇಲೆ, ಹೇಳದ ಇದ್ರ ನಿನ್ನ ಕಡೆ ಉಳೀತಿತ್ತು ಎಂದರು.

ನಾಣ್ಯ ಹಂಚುವ ಸಮಾರಂಭ ಅಹಮದಾಬಾದಿನಲ್ಲಿ ನಡೆಯಿತು. ನೀಲಿ ಮಖಮಲ್ಲಿನ ಡಬ್ಬಿಗಳು. ಆಕೆ ಬಂದು ತಮ್ಮದನ್ನು ಪಡೆದು, ಕೊನೆಯ ಮನೆಯವರ ಹೆಸರು ಕೂಗುವವರೆಗೂ ಕೂತಿದ್ದರು. ಒಬ್ಬ ಮುದುಕಿ ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದು, ಇದು ನಮ್ಮವನ ನಡಿಗೆಯೇ ಎಂದು ಪಕ್ಕದವರಿಗೆ ತೋರಿಸುತ್ತಿದ್ದರು. ಸೂರತ್‌ನ ಹೆಂಗಸು ಅದನ್ನು ನೋಡಿದರು. ವಿನ್ಯಾಸ ಬರೆದವನನ್ನು ವೇದಿಕೆಗೆ ಕರೆದಾಗ ಯಾರೂ ಏಳಲಿಲ್ಲ. ರಜೆ ಸಿಗಲಿಲ್ಲ ಎಂದು ತಿಳಿಸಿದ್ದನಂತೆ.

ಆತ ನನಗೆ ಆಗಾಗ ಫೋನ್ ಮಾಡುತ್ತಿದ್ದ. ತಾಯಿ ಏನಾದರೂ ಹೇಳಿದರೇನು ಎಂದು ಕೇಳುವನು, ಇಲ್ಲ ಎಂದರೆ ಫೋನ್ ಇಡುವನು. ಒಂದು ದಿನ ಮಾತ್ರ, ಆಕಿ ನೋಡಾಕ ಹೆಂಗದಾರ್ರಿ ಎಂದು ಕೇಳಿದ. ಗಿಡ್ಡ ಆಳು, ಬೆಳ್ಳಗಿನ ಕೂದಲು, ಎಡಗಾಲು ಸ್ವಲ್ಪ ಎಳೆಯುತ್ತಾರೆ ಎಂದೆ. ಹಿಂದಿನ ದಿನ ಮಧ್ಯಾಹ್ನ ಅಂಥ ಒಬ್ಬ ಹೆಂಗಸು ಕಾರ್ಖಾನೆಯ ಗೇಟಿಗೆ ಬಂದಿದ್ದರಂತೆ. ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ಕೇಳಿ, ಈತ ಹೇಳುವಾಗ ದಾರಿ ನೋಡದೆ ಈತನ ಮುಖವನ್ನೇ ನೋಡುತ್ತಿದ್ದರಂತೆ. ಊಟ ಆಯಿತಾ ಎಂದು ಕೇಳಿದರಂತೆ. ಆಯಿತು ಎಂದನಂತೆ. ಆಮೇಲೆ ಹೊರಟವರು ತಪ್ಪು ದಿಕ್ಕಿಗೆ ಹೋದರಂತೆ.

"ಕರೀಬೇಕು ಅನಿಸ್ತು ರಿ," ಎಂದ. "ಬಾಯಿ ಬರಲಿಲ್ಲ. ತಿರುವಿನ ತನಕಾ ನೋಡಕೋತ ನಿಂತೆ."

ಆಕೆಯೇ ಎಂದು ನಾನು ಖಚಿತವಾಗಿ ಹೇಳಲಾರೆ. ಸೂರತ್‌ಗೆ ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಅದು ಅವರ ಪಾಲಿನದು.

ಈ ವರ್ಷ ಬ್ರಿಗೇಡಿಯರ್ ಮತ್ತೆ ಫೋನ್ ಮಾಡಿದರು. ಇನ್ನೊಂದು ಪಲ್ಟಣದ ಸಂಘ ಅಂಥದೇ ನಾಣ್ಯ ತರುತ್ತಿದೆ, ನಿಯಮಗಳನ್ನು ಬರೆದುಕೊಡಿ ಎಂದು ಅವರನ್ನು ಕೇಳಿದೆಯಂತೆ. ನೀವೂ ಬರುತ್ತೀರಾ ಎಂದರು. ಬರುತ್ತೇನೆ, ಆದರೆ ಒಂದು ನಿಯಮ ಸೇರಿಸಬೇಕು ಎಂದೆ. ಮನೆಗಳಿಂದ ಯಾರನ್ನು ಸಮಿತಿಗೆ ಕರೆಯುತ್ತೀರೋ ಅವರಿಗೆ ಚಿತ್ರಗಳನ್ನು ಮೊದಲೇ, ಒಂಟಿಯಾಗಿ, ಹೊತ್ತಿನ ಮಿತಿಯಿಲ್ಲದೆ ತೋರಿಸಬೇಕು. ಆಮೇಲೆ ಬರುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಬ್ರಿಗೇಡಿಯರ್ ಪೆನ್ನು ತೆಗೆದುಕೊಂಡದ್ದು ಗೊತ್ತಾಯಿತು. ಒಂಟಿಯಾಗಿ ಎಂದು ಬರೆಯಲೋ, ಅವರು ಬಯಸಿದರೆ ಜೊತೆಗೆ ಒಬ್ಬರು ಎಂದು ಬರೆಯಲೋ ಎಂದು ಕೇಳಿದರು. ಎರಡನೆಯದನ್ನೇ ಬರೆಯಿರಿ ಎಂದೆ.